ಜೆ. ಒ. ಒತ್ತಿದ ಇಟ್ಟಿಗೆ

೨೦೧೧ರ ಮೇ ೧೪, ಶನಿವಾರ, ಬೆಳಗ್ಗೆ ಒಂಬತ್ತು ಇಪ್ಪತ್ತು. ಇಂಗ್ಲೆಂಡಿನ ಲಿಂಕನ್‌ಶೈರ್‌ನ ನಮ್ಮ ಹಳ್ಳಿಯ ಮೆಥಡಿಸ್ಟ್ ಚಾಪೆಲ್, ಅಂದರೆ ಪುಟ್ಟ ಚರ್ಚು, ಸಮುದಾಯ ಭವನವಾಗಿ ತೆರೆಯಲು ಸರಿಯಾಗಿ ನೂರು ನಿಮಿಷ ಉಳಿದಿತ್ತು. ನಾನು ಅಳತೆಪಟ್ಟಿ ಹಿಡಿದು ಬಾಗಿಲ ಬಳಿ ಮಂಡಿಯೂರಿದ್ದೆ.

೧೯೦೪ರಲ್ಲಿ ಚಾಪೆಲ್ ಕಟ್ಟುವಾಗ ಊರಿನವರು ಮನೆಗೊಂದರಂತೆ ಹೆಸರಿನ ಮೊದಲಕ್ಷರಗಳಿದ್ದ ಇಟ್ಟಿಗೆ ಕೊಟ್ಟಿದ್ದರು. ಇಟ್ಟಿಗೆ ಗೂಡಿನಲ್ಲಿ ಕೆಲಸಕ್ಕಿದ್ದ ನನ್ನ ಅಜ್ಜ ಜೇಬೆಜ್ ಓಡ್ಲಿಂಗ್ ತನ್ನದನ್ನು ಹಸಿಮಣ್ಣಿನಲ್ಲಿ ತಾನೇ ಒತ್ತಿದ್ದ: ಜೆ. ಒ. ಆಮೇಲೆ ಮೀನುಗಾರಿಕೆಗೆ ಸೇರಿ, ಏಳು ವರ್ಷದ ನಂತರ ಗ್ರಿಮ್ಸ್‌ಬಿ ಬಂದರಿನ ದೋಣಿಯೊಂದಿಗೆ ಸಮುದ್ರದಲ್ಲಿ ಮುಳುಗಿದ. ಸಮಾಧಿಯಿಲ್ಲ. ಅವನ ಗುರುತು ಉಳಿದಿದ್ದು ಈ ಗೋಡೆಯಲ್ಲಿ ಮಾತ್ರ.

೨೦೦೯ರಲ್ಲಿ ಐದೇ ಜನ ಉಳಿದು ಪ್ರಾರ್ಥನೆ ನಿಂತಿತು. ಭವನಕ್ಕೆ ಗಾಲಿಕುರ್ಚಿಯ ಇಳಿಜಾರು ಬೇಕೆಂದಾಗ ನಾನೇ ನಕ್ಷೆ ಪರೀಕ್ಷಿಸಿದೆ. ಅಜ್ಜನ ಇಟ್ಟಿಗೆಯ ಬಳಿ ಇಳಿಜಾರಿನ ಎತ್ತರ ಇಪ್ಪತ್ತಾರು ಸೆಂಟಿಮೀಟರ್. ಇಟ್ಟಿಗೆಯ ಕೆಳಅಂಚೂ ಇಪ್ಪತ್ತಾರು. ಮೂರು ಸಲ ಲೆಕ್ಕ ಹಾಕಿ, ಇಟ್ಟಿಗೆ ಮುಚ್ಚುವುದಿಲ್ಲವೆಂದು ಒಪ್ಪಿದೆ. ಗಾಲಿ ಜಾರದಂತೆ ಹೊರ ಅಂಚಿಗೆ ಹಾಕುವ ಪುಟ್ಟ ಕಟ್ಟೆಯನ್ನು ಗೋಡೆಯ ಬದಿಗೂ ಹಾಕುತ್ತಾರೆಂದು ನನಗೆ ಹೊಳೆಯಲಿಲ್ಲ.

"ಟೀಚರ್, ಮತ್ತೆ ಪಟ್ಟಿ ತಂದ್ರಾ?" ಸಮಿತಿಯ ಅಧ್ಯಕ್ಷ ಸಿರಿಲ್ ಮಾಲ್ಟ್‌ಬಿ, ನನ್ನ ಹಳೆಯ ವಿದ್ಯಾರ್ಥಿ.

"ಗೋಡೆ ಕಡೆ ಕಟ್ಟೆ ಯಾಕಪ್ಪ? ಗಾಲಿ ಗೋಡೆಯೊಳಗೆ ಬೀಳುತ್ತಾ?"

"ಎರಡೂ ಕಡೆ ಒಂದೇ ಥರ ಇರ್ಲಿ ಅಂತ ಗಾರೆಯವನು ಹಾಕ್ದ. ಚೆನ್ನಾಗಿದೆಯಲ್ಲ."

"ನಕ್ಷೇಲಿ ಇರ್ಲಿಲ್ಲ."

"ನಕ್ಷೇಲಿ ಟೀ ಕೆಟಲ್ಲೂ ಇರ್ಲಿಲ್ಲ, ಒಳಗೆ ಮೂರಿವೆ. ಮುಂದಿನ ಸಭೇಲಿ ಮಾತಾಡೋಣ."

"ಯಾವಾಗ ಅದು?"

"ಸೆಪ್ಟೆಂಬರ್."

ಹನ್ನೊಂದಕ್ಕೆ ಹಿಲ್ಡಾ ಡ್ಯಾನಟ್ ಗಾಲಿಕುರ್ಚಿಯಲ್ಲಿ ಬಂದಳು. ಎಂಬತ್ತೊಂದು ವರ್ಷ, ಪ್ರಾರ್ಥನೆಗೆ ಕೊನೆಗುಳಿದ ಆ ಐವರಲ್ಲಿ ಒಬ್ಬಳು. ಕಾಲು ಹೋದ ಮೇಲೆ ಅವಳು ಮೆಟ್ಟಿಲು ಹತ್ತಿಲ್ಲ. ಅದಕ್ಕೂ ಮುಂಚೆ ಪ್ರತಿ ಭಾನುವಾರ ಒಳಗೆ ಹೋಗುವಾಗ ಬಾಗಿ ಆ ಅಕ್ಷರಗಳನ್ನು ಮುಟ್ಟುತ್ತಿದ್ದಳು. ಇಳಿಜಾರಿನ ನಡುವೆ ಕೆಳಗೆ ಕೈ ಚಾಚಿ ತಡಕಿದಳು.

"ನಿಮ್ಮಜ್ಜ ಎಲ್ಲೇ, ವಿನ್ನಿ?"

"ಕಟ್ಟೆ ಹಿಂದೆ."

"ಒಡೆಸು. ಎರಡು ವರ್ಷ ಹೊರಗಿದ್ದೋಳು, ಇನ್ನೊಂದು ವಾರ ಇರ್ತೀನಿ."

ಒಡೆಸಬಹುದಿತ್ತು. ಬಾಗಿಲಲ್ಲಿ ಜನ ಕಾಯುತ್ತಿದ್ದರು. ಹಿಲ್ಡಾ ಹೊಸ ಟೋಪಿ ಹಾಕಿದ್ದಳು. ನಾನು ಕುರ್ಚಿಯನ್ನು ಒಳಗೆ ತಳ್ಳಿದೆ.

ಒಳಗೆ ಚಪ್ಪಾಳೆ ಶುರುವಾದಾಗ ಹೊರಬಂದು ಮತ್ತೊಮ್ಮೆ ಅಳೆದೆ. ಇಟ್ಟಿಗೆಯ ಎತ್ತರ ಅರವತ್ತೈದು ಮಿಲಿಮೀಟರ್. ಕಟ್ಟೆ ಮುಚ್ಚಿದ್ದು ಅರವತ್ತು. ಮೇಲೆ ಕಾಣುವುದು ಐದು.