ಮುನಿ ಸಾರ್‌ಗೆ ಹಾರ

ಗಂಡ ಮುನೀಂದ್ರನ ವೈಕುಂಠ ಸಮಾರಾಧನೆ ಮುಗಿದ ಮರುದಿನ ಬೆಳಿಗ್ಗೆ ವೇಣಿ ಪೀಣ್ಯದ ಶೂಟಿಂಗ್ ಸೆಟ್‌ಗೆ ಬಂದಳು. ಧಾರಾವಾಹಿಯಲ್ಲೂ ತಮ್ಮ ಮಗನಾಗಿ ನಟಿಸುತ್ತಿದ್ದ ಅವನ ಫೋಟೊಗೆ ಅಂದು ಅವಳ ಮಾವ, ಹೆಸರಾಂತ ನಟ ಪರಮಾನಂದರು, ಕ್ಯಾಮೆರಾ ಮುಂದೆ ಹಾರ ಹಾಕಬೇಕಿತ್ತು.

“ಸೀರಿಯಲ್‌ನಲ್ಲಾದ್ರೂ ಬದುಕಿರ್ಲಿ ಮಾವ. ಆ ಪಾತ್ರನ ದುಬೈಗೆ ಕಳಿಸ್ಬಿಡಿ,” ಎಂದಳು.

“ಚಾನೆಲ್‌ನವರಿಗೆ ಮಾತು ಕೊಟ್ಟಾಗಿದೆಯಮ್ಮ.” ಅವರು ಹಾರ ಎತ್ತಿಕೊಂಡರು.

ಫೋಟೊಗೆ ಹಾರ ಬೀಳುವ ಸೀನಿದ್ದರೆ ಅಪಶಕುನ ತಟ್ಟದಿರಲೆಂದು ಆ ನಟನನ್ನು ನಗಿಸಿ, ಕುಂಬಳಕಾಯಿ ಒಡೆದು ದೃಷ್ಟಿ ತೆಗೆಯುವುದು ಅಲ್ಲಿಯ ರೂಢಿ. ಅದೇ ಅಭ್ಯಾಸದಲ್ಲಿ ಮ್ಯಾನೇಜರ್ ಗಂಗಪ್ಪ ಕೂಗಿದ: “ಕುಂಬಳಕಾಯಿ ರೆಡಿ! ಮುನಿ ಸಾರ್‌ನ ಕರೀರಪ್ಪಾ, ಒಂದ್ಸಲ ನಗ್ಲಿ!”

ಕೂಗಿದವನು ತಾನೇ ಬಾಯಿ ಮುಚ್ಚಿಕೊಂಡ. ಪರಮಾನಂದರು ಹಾರವನ್ನು ಕೆಳಗಿಟ್ಟರು.

“ದುಬೈಗೇ ಹೋಗ್ಲಿ,” ಎಂದರು.

ಮೊದಲ ಶಾಟಿನ ದಿನ ಮುನೀಂದ್ರ ಅಪ್ಪನಿಂದ ಎರವಲು ಪಡೆದಿದ್ದ ಕೈಗಡಿಯಾರವನ್ನು ವೇಣಿ ಚೀಲದಿಂದ ತೆಗೆದು ಅವರ ಮಣಿಕಟ್ಟಿಗೆ ಕಟ್ಟಿದಳು.