ಮನೆಯಲ್ಲಿ ಸೋಲುವ ಟೀಮು

"ರೀ, ಈ ಕರಿಬಸವಯ್ಯ ಮನೇಲಿ ಒಂದ್ಸಲಾನೂ ಸೋತಿಲ್ವಲ್ಲ?"

ಸತ್ಯಭಾಮಾ ಬೀರುವಿನ ಬಾಗಿಲು ತೆರೆದುಕೊಂಡು ನಿಂತಿದ್ದಳು. ಇಸ್ತ್ರಿಗೆ ಕೊಡೋ ಬಟ್ಟೆ ತೆಗೆಯೋಕೆ ಬಂದವಳು ಬಾಗಿಲ ಒಳಗಡೆ ಅಂಟಿಸಿದ್ದ ಲೀಗಿನ ಪಟ್ಟಿ ಓದೋಕೆ ಶುರುಮಾಡಿದ್ದಳು. ಅನಂತರಾಮು ಊಟದ ಟೇಬಲ್ ಮೇಲೆ ಒಂಬತ್ತು ರಟ್ಟಿನ ಕಾರ್ಡು ಹರಡಿಕೊಂಡು, ನಾಳೆ ಯಾರನ್ನ ಮೊದಲು ಆಡಿಸೋದು ಅಂತ ಬೆಳಗಿನಿಂದ ಮೂರನೇ ಸಲ ಯೋಚನೆ ಮಾಡ್ತಾ ಇದ್ದ.

"ಅವನ ಟೀಮು ಚೆನ್ನಾಗಿದೆ," ಅಂದ.

"ಶಾಮಣ್ಣೋರೂ ಸೋತಿಲ್ಲ."

"ಅವರದ್ದೂ ಚೆನ್ನಾಗಿದೆ."

"ಯಾರೂ ಸೋತಿಲ್ಲ ಕಣ್ರೀ. ಐದು ಜನ. ಹತ್ತಕ್ಕೆ ಹತ್ತು. ಇಡೀ ಲೀಗಲ್ಲಿ ಮನೇಲಿ ಸೋಲೋರು ನೀವೊಬ್ರೇ."

ಅನಂತರಾಮು ತಲೆ ಎತ್ತಲಿಲ್ಲ. "ಹೋಮ್ ಪಿಚ್ ಅಂತ ಒಂದಿರತ್ತೆ. ಅದರ ಅನುಕೂಲ."

"ಶಾಮಣ್ಣೋರ ಪಿಚ್ಚು ಅವರ ಟೀಪಾಯಿ ತಾನೇ?" ಅಂದಳು ಸತ್ಯಭಾಮಾ, ಬೀರು ಮುಚ್ಚಿದಳು.

ಎಂಬತ್ತಮೂರನೇ ಇಸವಿ. ಊರಿಗೆ ಊರೇ ಕ್ರಿಕೆಟ್ ವರ್ಲ್ಡ್ ಕಪ್ಪಿನ ಗುಂಗಲ್ಲಿತ್ತು. ಜಯನಗರ, ಜೆ.ಪಿ. ನಗರ, ಬನಶಂಕರಿ ಸುತ್ತಮುತ್ತ ಆರು ಜನ ಮಾತ್ರ ಬೇಸ್‌ಬಾಲ್ ಲೀಗು ನಡೆಸ್ತಾ ಇದ್ದರು. ಆರು ಜನರಲ್ಲಿ ಯಾರೂ ಬೇಸ್‌ಬಾಲ್ ನೋಡಿದವರಲ್ಲ. ಶಾಮಣ್ಣನವರು ಒಂದು ಮ್ಯಾಗಜೀನಿನಲ್ಲಿ ಫೋಟೋ ನೋಡಿದ್ದರು; ಅದರಲ್ಲಿದ್ದವನು ಯಾರ ಮೇಲೋ ಸಿಟ್ಟಾಗಿದ್ದ ಹಾಗಿತ್ತು, ಅಷ್ಟೇ ನೆನಪು. ಅವರು ಸರ್ವೆ ಇಲಾಖೆಯಿಂದ ರಿಟೈರಾಗಿ ಜೆ.ಪಿ. ನಗರದಲ್ಲಿ ಮನೆ ಕಟ್ಟಿಸಿ, ಔಟ್‌ಹೌಸನ್ನ ಕಪ್ಪೆಗಳ ಬಗ್ಗೆ ಓದೋಕೆ ಬಂದಿದ್ದ ಒಬ್ಬ ಅಮೆರಿಕದವನಿಗೆ ಬಾಡಿಗೆಗೆ ಕೊಟ್ಟಿದ್ದರು. ಅವನು ಎರಡು ವರ್ಷ ಇದ್ದು, ಕಪ್ಪೆಗಳನ್ನ ತಗೊಂಡು, ಒಂದು ಡಬ್ಬಿ ಬಿಟ್ಟು ಹೋದ. ಡಬ್ಬಿ ತುಂಬಾ ಆಟಗಾರರ ಕಾರ್ಡು, ಎರಡು ದಾಳ. ಒಂದೊಂದು ಕಾರ್ಡಲ್ಲೂ ಎರಡರಿಂದ ಹನ್ನೆರಡರ ತನಕ ಅಂಕಿ. ಅಂಕಿ ಎದುರಿಗೆ ಆ ಆಟಗಾರ ಔಟೋ, ಓಡಿದನೋ, ಚೆಂಡನ್ನ ಮೈದಾನದಾಚೆ ಕಳಿಸಿದನೋ ಅಂತ ಬರೆದಿತ್ತು. ದಾಳ ಹಾಕೋದು, ನೋಡೋದು, ಬರೆದುಕೊಳ್ಳೋದು.

ಮೊದಲು ಶಾಮಣ್ಣನವರ ಟೆರೇಸಿನ ಮೇಲೆ ಎಲ್ಲರೂ ಸೇರಿ ಆಡ್ತಿದ್ದರು. ಒಂದು ಭಾನುವಾರ ದಾಳ ಉರುಳಿ ಮಳೆನೀರಿನ ಪೈಪಿಗೆ ಬಿದ್ದು, ಅದು ಐದೋ ನಾಲ್ಕೋ ಅಂತ ಜಗಳ ಬಂದು, ಪೈಪು ಬಿಚ್ಚಿಸಿದರು. ಶಾಮಣ್ಣನವರ ಹೆಂಡತಿ ಅವತ್ತೇ ಟೆರೇಸಿಗೆ ಬೀಗ ಹಾಕಿದರು. ಆಮೇಲೆ ಈ ಪದ್ಧತಿ: ಯಾರ ಬಡಾವಣೆಯ ಮ್ಯಾಚೋ ಅವರು ತಮ್ಮ ಮನೇಲಿ ಕೂತು ಎರಡೂ ಟೀಮಿನ ದಾಳ ತಾವೇ ಹಾಕಿ, ಫಲಿತಾಂಶ ಬರೆದು ಶಾಮಣ್ಣನವರಿಗೆ ಪೋಸ್ಟ್ ಕಾರ್ಡು ಹಾಕೋದು. ನಂಬಿಕೆ ಮೇಲೆ ನಡೆಯೋದು. ತಿಂಗಳಿಗೊಂದು ಭಾನುವಾರ ನಾಲ್ಕನೇ ಬ್ಲಾಕಿನ ಹೋಟ್ಲಲ್ಲಿ ಸೇರಿ, ಶಾಮಣ್ಣನವರು ಪಟ್ಟಿ ಓದೋದು, ಉಳಿದವರು ವಡೆ ತಿನ್ನೋದು.

ಇಪ್ಪತ್ತು ಮ್ಯಾಚಲ್ಲಿ, ಹತ್ತು ಮನೇಲಿ ಹತ್ತು ಹೊರಗೆ, ನಾಲ್ಕಾದರೂ ಗೆಲ್ಲದ ಟೀಮಿನ ಯಜಮಾನ ಜಾಗ ಖಾಲಿ ಮಾಡಬೇಕು ಅಂತ ನಿಯಮ. ಅನಂತರಾಮುವಿನ ಬನಶಂಕರಿ ಟೀಮು ಹತ್ತೊಂಬತ್ತು ಆಡಿ ಮೂರು ಗೆದ್ದಿತ್ತು. ಇಪ್ಪತ್ತನೆಯದು ನಾಳೆ, ಕರಿಬಸವಯ್ಯನ ಜಯನಗರದ ಮೇಲೆ, ಇದೇ ಟೇಬಲ್ಲಿನಲ್ಲಿ.

ಜಾಗಕ್ಕೆ ಆಗಲೇ ಆಳು ರೆಡಿ ಇದ್ದ. ಹಲ್ಲಿನ ಡಾಕ್ಟರು ಶಾಂತವೀರಪ್ಪ. ಎರಡು ತಿಂಗಳಿಂದ ಅದೇ ಹೋಟ್ಲಿಗೆ ಬಂದು ಪಕ್ಕದ ಟೇಬಲ್ಲಲ್ಲಿ ಸುಮ್ಮನೆ ಕಾಫಿ ಕುಡೀತಿದ್ದ. ಸ್ವಂತ ದಾಳ ಬೇರೆ ತಗೊಂಡಿದ್ದ. "ಹೇಗಿದೆ ನಿಮ್ಮ ಟೀಮು?" ಅಂತ ಕೇಳ್ತಿದ್ದ, ಎಷ್ಟು ದಿನದಿಂದ ನೋವು ಅಂತ ಕೇಳೋ ಧ್ವನೀಲಿ.

ಅನಂತರಾಮುಗೆ ನಲವತ್ತಾರು ವರ್ಷ. ಹಿರಿಯೂರಿಂದ ಟ್ರಾನ್ಸ್‌ಫರಾಗಿ ಬಂದು ಹದಿಮೂರು ವರ್ಷ ಇನ್ಶೂರೆನ್ಸ್ ಆಫೀಸಿನ ಒಂದೇ ಕುರ್ಚಿಯಲ್ಲಿ ಕೂತಿದ್ದ. ಮ್ಯಾನೇಜರು ಈಗಲೂ ರಾಮಾನುಜ ಅಂತ ಕರೀತಿದ್ದರು. ಅವನೂ ತಿರುಗಿ ನೋಡ್ತಿದ್ದ. ಹೋಟ್ಲಲ್ಲಿ ಹಾಗಲ್ಲ. ಸಪ್ಲೈಯರ್ರು ಕೂಡ ಒಳಗೆ ಕೂಗಿ ಹೇಳ್ತಿದ್ದ: "ಬನಶಂಕರಿ ಕೋಚ್‌ಗೆ ಒಂದು ಸ್ಟ್ರಾಂಗ್." ಆ ಮಾತು ಕೇಳಿದ ತಿಂಗಳು ಅವನಿಗೆ ನಿದ್ದೆ ಚೆನ್ನಾಗಿ ಬರ್ತಿತ್ತು. ಈ ತಿಂಗಳು ಬಂದಿರಲಿಲ್ಲ. ಬೀರುವಿನ ಕಡೆ ಒಂದು ಸಲ ನೋಡಿದ. ಚಪ್ಪಲಿ ಹಾಕಿಕೊಂಡು ಬಸ್ಸು ಹತ್ತಿದ.

ಒಂಬತ್ತನೇ ಬ್ಲಾಕಲ್ಲಿ ಕರಿಬಸವಯ್ಯನ ಪೆನ್ನು-ಪುಸ್ತಕದ ಅಂಗಡಿ. ಗಿರಾಕಿ ಇರಲಿಲ್ಲ. ಕರಿಬಸವಯ್ಯ ಇಂಕ್ ಬಾಟಲಿಗಳ ಧೂಳು ಒರೆಸ್ತಾ ಇದ್ದ.

"ಏನು ಸ್ವಾಮಿ, ಮ್ಯಾಚಿನ ಹಿಂದಿನ ದಿನ ಶತ್ರು ಮನೆಗೆ ಬಂದುಬಿಟ್ರಿ?"

"ಒಂದು ವಿಷಯ ಕೇಳ್ಬೇಕಿತ್ತು. ನೀವು ಮನೇಲಿ ದಾಳ ಹಾಕ್ತೀರಲ್ಲ, ನಿಮಗೆ ಹೇಗೆ ಬೀಳತ್ತೆ?"

"ಚೆನ್ನಾಗೇ ಬೀಳತ್ತೆ."

"ಯಾವಾಗ್ಲೂ?"

ಕರಿಬಸವಯ್ಯ ಬಾಟಲಿ ಕೆಳಗಿಟ್ಟ. "ಮನೆಯವರು ಪಟ್ಟಿ ನೋಡಿದ್ರಾ?"

"ಹೂಂ."

"ನಮ್ಮನೇಲಿ ಮೊದಲ್ನೇ ವರ್ಷವೇ ನೋಡಿದ್ಲು."

ಅನಂತರಾಮು ರಸ್ತೆ ಕಡೆ ತಿರುಗಿದ. ಒಂದು ಜಟಕಾ ಹೋಯ್ತು.

"ನೋಡಿ ಗುರುಗಳೇ," ಅಂದ ಕರಿಬಸವಯ್ಯ, ಗಲ್ಲಾ ಮೇಲೆ ಬಗ್ಗಿ. "ನಾಳೆ ಗೆದ್ದೆ ಅಂತ ಬರ್ಕೊಂಡು ಬನ್ನಿ. ಸೋಲೋದು ನನ್ನ ಟೀಮು, ಹೇಳ್ತಿರೋನೂ ನಾನೇ. ಒಬ್ರೂ ಕೇಳಲ್ಲ."

"ದಾಳ ಬೀಳ್ಬೇಕಲ್ಲ."

"ಬಿತ್ತು ಅಂತ ಬರೀರಿ."

"ಬೀಳದೇ ಇದ್ರೆ?"

ಅಂಗಡಿಗೆ ರಬ್ಬರು ವಾಪಸ್ ತಂದು, ಇದು ಸವೀತಿದೆ ಅಂದ ಗಿರಾಕಿಯನ್ನ ನೋಡೋ ಹಾಗೆ ಕರಿಬಸವಯ್ಯ ಅವನನ್ನ ನೋಡಿದ. "ನೀವು ಹೋದ್ರೆ ಈ ಲೀಗಲ್ಲಿ ಏನಿದೆ ಹೇಳಿ. ಎಲ್ರೂ ಹತ್ತು ಹತ್ತು. ನಿಮ್ಮನೇಲಿ ಗೆದ್ದಾಗ ಮಾತ್ರ ನಮಗೆ ಗೆದ್ದ ಹಾಗಿರೋದು. ಹೋದ ವರ್ಷ ಶಾಮಣ್ಣೋರು ಚಾಂಪಿಯನ್ ಆಗಿದ್ದು ಹೇಗೆ ಅಂದ್ಕೊಂಡ್ರಿ? ನಿಮ್ಮನೇಲಿ ಎರಡೂ ಗೆದ್ರು, ನಾವು ಒಂದೊಂದು. ಆ ಹಲ್ಲಿನ ಡಾಕ್ಟ್ರು ಬಂದ್ರೆ ಅವನೂ ಮೂರೇ ವಾರದಲ್ಲಿ ಕಲ್ತುಬಿಡ್ತಾನೆ."

ಬರೋವಾಗ ಅನಂತರಾಮು ಬಸ್ಸು ಹತ್ತಲಿಲ್ಲ, ನಡೆದೇ ಬಂದ. ನಾಲ್ಕು ವರ್ಷದಿಂದ ತನ್ನ ಆಟಗಾರರನ್ನ ಬೈದದ್ದೆಲ್ಲ ದಾರಿಯುದ್ದಕ್ಕೂ ನೆನಪಾಗ್ತಾ ಇತ್ತು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸ್ನಾನ ಮಾಡಿ ಕೂತ. ಸ್ಟೀಲ್ ಲೋಟದಲ್ಲಿ ದಾಳ ಕುಲುಕಿ ಹಾಕೋದು ಅವನ ರೂಢಿ. ಸತ್ಯಭಾಮಾ ಯಾವತ್ತೂ ಆಟ ನೋಡೋಕೆ ಕೂತವಳಲ್ಲ. ಅವತ್ತು ಹುರುಳಿಕಾಯಿ ಮೊರ ತಗೊಂಡು ಎದುರಿನ ಕುರ್ಚೀಲೇ ಕೂತಳು.

"ನೀನ್ಯಾಕೆ?"

"ಫ್ಯಾನ್ ಇಲ್ಲೇ ಇರೋದು."

ಜಯನಗರದ ಸರದಿ ಬಂದಾಗ ಕಷ್ಟ. ಕೈ ತನ್ನದೇ, ಬೀಳಬಾರದು ಅನ್ನೋ ಆಸೆಯೂ ತನ್ನದೇ. ಲೋಟ ಮೆತ್ತಗೆ ಕುಲುಕಿದರೆ ಮೋಸವೇನೋ ಅನ್ನಿಸಿ ಜೋರಾಗಿ ಕುಲುಕಿದ. ಜೋರಾಗಿ ಕುಲುಕಿದಾಗೆಲ್ಲ ಜಯನಗರದವರು ಓಡಿದರು. ಆರನೇ ಸರದಿ ಹೊತ್ತಿಗೆ ಜಯನಗರ ನಾಲ್ಕು, ಬನಶಂಕರಿ ಒಂದು. ಅನಂತರಾಮು ಎದ್ದು ನೀರು ಕುಡಿದು ಬಂದ. ಏಳರಲ್ಲಿ ಒಂದು ಬಂತು. ಎಂಟರಲ್ಲಿ ಇನ್ನೊಂದು. ಹುರುಳಿಕಾಯಿ ಮುಗಿದಿತ್ತು, ಸತ್ಯಭಾಮಾ ಖಾಲಿ ಮೊರ ಹಿಡಿದುಕೊಂಡೇ ಕೂತಿದ್ದಳು.

ಒಂಬತ್ತನೇದು ಕೊನೇ ಸರದಿ. ಮೂರು ಔಟಾದರೆ ಮುಗೀತು. ಎರಡು ಔಟಾಗಿತ್ತು. ಒಬ್ಬ ಎರಡನೇ ಮೂಲೇಲಿ ನಿಂತಿದ್ದ. ನಾಲ್ಕಕ್ಕೆ ಮೂರು. ಮುಂದಿನ ಕಾರ್ಡು ಓಟಿಸ್ ಡಡ್ಲಿ.

ಡಡ್ಲಿ ಬಗ್ಗೆ ಹೇಳಬೇಕು ಅಂದರೆ, ಅವನ ಕಾರ್ಡಲ್ಲಿ ಎರಡರಿಂದ ಹನ್ನೊಂದರ ತನಕ ಎಲ್ಲದರ ಎದುರಿಗೂ ಔಟ್ ಅಂತಿತ್ತು. ಹನ್ನೆರಡು ಬಿದ್ದರೆ ಮಾತ್ರ ಚೆಂಡು ಮೈದಾನದಾಚೆ; ಆಗ ಹೊಡೆದವನದ್ದೊಂದು, ಮೂಲೇಲಿ ನಿಂತವನದ್ದೊಂದು ರನ್ನು. ಆ ವರ್ಷ ಎಪ್ಪತ್ತೊಂದು ಸಲ ಬಂದು ಎಪ್ಪತ್ತು ಸಲ ಔಟಾಗಿದ್ದ. ಒಂದು ಸಲ ದಾಳವನ್ನ ಪಕ್ಕದ ಮನೆ ಬೆಕ್ಕು ತಳ್ಳಿತ್ತು, ಅದನ್ನ ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ.

"ನಿಮ್ಮ ಡಡ್ಲಿನಾ?" ಅಂದಳು ಸತ್ಯಭಾಮಾ.

"ಹೂಂ."

"ಅವನ ಬದಲು ಬೇರೆಯೋರು ಇಲ್ವಾ?"

"ಇರೋದೇ ಒಂಬತ್ತು ಜನ."

ಅನಂತರಾಮು ಲೋಟ ಎತ್ತಿಕೊಂಡ. ಕುಲುಕಿದ. ಒಂದು ದಾಳ ಟೇಬಲ್ ಮಧ್ಯೆ ನಿಂತು ಆರು ತೋರಿಸಿತು. ಇನ್ನೊಂದು ಅಂಚು ದಾಟಿ ಕೆಳಗೆ ಬಿದ್ದು, ಟಕ್ ಅಂತ ಗೋಡೆಗೆ ತಗುಲಿ, ಬೀರುವಿನ ಅಡಿಗೆ ಹೋಯ್ತು.

ಇಬ್ಬರೂ ಮಂಡಿಯೂರಿ ಬಗ್ಗಿದರು. ಸತ್ಯಭಾಮಾ ಟಾರ್ಚು ತಂದಳು. ಜೇಡರ ಬಲೆ, ಒಂದು ಹೇರ್‌ಪಿನ್ನು, ಕಳೆದುಹಾಕಿದ ತಪ್ಪನ್ನ ಇಬ್ಬರೂ ಒಬ್ಬರ ಮೇಲೊಬ್ಬರು ಹೊರಿಸಿದ್ದ ಕರೆಂಟ್ ಬಿಲ್ಲು, ಅದರ ಮೇಲೆ ದಾಳ. ಆರು.

"ಬಿತ್ತು," ಅಂದಳು ಸತ್ಯಭಾಮಾ. ಟಾರ್ಚು ಆರಿಸಲಿಲ್ಲ. "ಹನ್ನೆರಡು. ಬರ್ಕೊಳ್ಳಿ."

ಅನಂತರಾಮು ನೆಲದ ಮೇಲೇ ಕೂತಿದ್ದ. "ನೆಲಕ್ಕೆ ಬಿದ್ದದ್ದು ಲೆಕ್ಕಕ್ಕಿಲ್ಲ. ಎರಡೂ ಮತ್ತೆ ಹಾಕ್ಬೇಕು."

"ಯಾರು ಹೇಳಿದ್ದು?"

"ರೂಲು."

"ರೂಲು ಬರೆದೋರು ಯಾರು?"

"ಪೈಪಿನ ಜಗಳ ಆದ್ಮೇಲೆ ಬರೆದದ್ದು."

"ಬರೆದೋರು ಯಾರು ಅಂದೆ."

"ನಾನೇ."

ಸತ್ಯಭಾಮಾ ಅವನನ್ನ ನೋಡಿದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಹೇಳಬಹುದಾದದ್ದು ಎಷ್ಟೋ ಇತ್ತು. ಪೊರಕೆ ತಂದು, ದಾಳ ಎಳೆದು, ಸೆರಗಲ್ಲಿ ಒರೆಸಿ ಟೇಬಲ್ ಮೇಲಿಟ್ಟಳು. "ಹಾಕಿ ಹಂಗಾದ್ರೆ."

ಅವನು ಎರಡೂ ದಾಳ ಲೋಟಕ್ಕೆ ಹಾಕಿದ. ಲೋಟ ಹಿಡಿದುಕೊಂಡು ಸುಮಾರು ಹೊತ್ತು ಕೂತ. ಹೊರಗೆ ಸೊಪ್ಪಿನವಳು ಕೂಗ್ತಾ ಬಂದು, ಕೂಗ್ತಾ ಹೋದಳು. ಹೋಟ್ಲಲ್ಲಿ ತಾನು ಕೂರೋ ಕುರ್ಚೀಲಿ ಶಾಂತವೀರಪ್ಪ ಕೂತಿರೋದು, ಸಪ್ಲೈಯರ್ರು ಅವನಿಗೆ ಸ್ಟ್ರಾಂಗ್ ಅಂತ ಕೂಗೋದು, ಎಲ್ಲ ಕಣ್ಣಿಗೆ ಕಟ್ಟಿತು. ಕಣ್ಣು ಮುಚ್ಚದೇನೇ ಹಾಕಿದ.

ಆರು. ಇನ್ನೊಂದು ದಾಳ ತನ್ನ ಮೂಲೆ ಮೇಲೆ ತಿರುಗಿ, ಉಪ್ಪಿನಕಾಯಿ ಜಾಡಿಗೆ ಒರಗೋದಾ ಬೇಡವಾ ಅಂತ ನೋಡಿ, ಟೇಬಲ್ ಮೇಲೇ ಅಗಲವಾಗಿ ಕೂತಿತು. ಆರು.

ಐದು ನಾಲ್ಕು. ಅನಂತರಾಮು ಬರೆಯೋಕೆ ಪೆನ್ನು ತೆಗೆದ. ಅಷ್ಟು ಒಳ್ಳೇ ಕೈಬರಹದವನು ಗೆಲುವು ಅನ್ನೋದನ್ನ ಹೊಡೆದುಹಾಕಿ ಎರಡು ಸಲ ಬರೆದ.

ನಾಲ್ಕು ಗಂಟೆಗೆ ಹೋಟ್ಲಲ್ಲಿ ಎಲ್ಲರೂ ಇದ್ದರು. ಪಕ್ಕದ ಟೇಬಲ್ಲಲ್ಲಿ ಶಾಂತವೀರಪ್ಪ, ಕ್ರಾಪು ನೀಟಾಗಿ ಬಾಚಿಕೊಂಡು. ಶಾಮಣ್ಣನವರು ಚೀಟಿ ಇಸಕೊಂಡು ಕನ್ನಡಕ ಏರಿಸಿ ಓದಿದರು. "ಬನಶಂಕರಿ ಐದು, ಜಯನಗರ ನಾಲ್ಕು." ಒಂದು ಕ್ಷಣ ಚೀಟಿ ನೋಡಿದರು. ಆಮೇಲೆ ಎದ್ದು ನಿಂತು ಅನಂತರಾಮುವಿನ ಕೈ ಹಿಡಿದು ಕುಲುಕಿದರು. "ಭೇಷ್ ಕಣಯ್ಯ. ಅಂತೂ ಇಂತೂ."

ಎಲ್ಲರೂ ಕೈ ಕುಲುಕಿದರು. ಎಲ್ಲರ ಮುಖದಲ್ಲೂ ಒಂದೇ ನಗು. ಮಗು ಮೊದಲ ಸಲ ಸೈಕಲ್ ಬಿಟ್ಟಾಗ ಮನೆಯವರು ನಗೋ ಥರ.

"ಕೊನೇಲಿ ಡಡ್ಲಿ ಹೊಡೆದದ್ದು," ಅಂದ ಅನಂತರಾಮು. "ಹನ್ನೆರಡು ಬಿತ್ತು."

"ನಮ್ಮನೇಲೂ ಅಷ್ಟೇ," ಅಂದರು ಶಾಮಣ್ಣನವರು. "ಕೊನೇಲಿ ಹನ್ನೆರಡೇ ಬೀಳೋದು." ಟೇಬಲ್ಲಿಗೆ ಟೇಬಲ್ಲೇ ನಕ್ಕಿತು.

"ಇಲ್ಲ ಸಾರ್, ನಿಜವಾಗ್ಲೂ. ಮೊದಲು ಬಿದ್ದಿದ್ದು ನೆಲಕ್ಕೆ ಹೋಯ್ತು. ಅದನ್ನ ಬಿಟ್ಟು ಮತ್ತೆ ಹಾಕಿದೆ. ಮತ್ತೆ ಹನ್ನೆರಡು. ನಮ್ಮ ಮನೆಯವಳು ಅಲ್ಲೇ ಇದ್ದಳು, ಕೇಳಿ ಬೇಕಾದ್ರೆ."

ಕರಿಬಸವಯ್ಯ ಅವನ ಭುಜದ ಮೇಲೆ ಕೈ ಹಾಕಿ, ಕಿವಿ ಹತ್ತಿರ ಬಂದು ಮೆಲ್ಲಗೆ ಹೇಳಿದ. "ಎರಡು ಸಲ ಅನ್ಬೇಡಿ ಗುರುಗಳೇ. ಒಂದು ಸಲ ಸಾಕು. ಮನೆಯವರ ಹೆಸರಂತೂ ಎತ್ಲೇಬೇಡಿ."

ಅನಂತರಾಮು ಸುತ್ತ ನೋಡಿದ. ಎದುರಿಗೆ ಐದು ಜನ ಸ್ನೇಹಿತರು, ಒಬ್ಬರಲ್ಲೂ ಕೆಟ್ಟ ಮನಸ್ಸಿಲ್ಲ. ಶಾಂತವೀರಪ್ಪ ಎದ್ದು, ದಾಳದ ಡಬ್ಬಿ ಜೇಬಿಗಿಟ್ಟು, "ಪರವಾಗಿಲ್ಲ ಸಾರ್, ಒಳ್ಳೇದಾಯ್ತು," ಅಂತ ಹೇಳಿ ಬಿಲ್ಲು ಕೊಡೋಕೆ ಹೋದ. ಅವನ ಮುಖದಲ್ಲೂ ಅದೇ ನಗು ಇತ್ತು.

"ಬನಶಂಕರಿ ಕೋಚ್‌ಗೆ ಒಂದು ಸ್ಟ್ರಾಂಗ್," ಅಂತ ಸಪ್ಲೈಯರ್ರು ಕೂಗಿದ.

ಕಾಫಿ ಬಂತು. ಕುಡಿದ. ನಗಬೇಕಾದ ಕಡೆ ನಕ್ಕ, ಒಂಚೂರು ತಡವಾಗಿ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಸತ್ಯಭಾಮಾ ಅಡುಗೆಮನೆಯ ನೆಲದ ಮೇಲೆ ಎರಡು ಮಣೆ ಹಾಕಿ, ತಟ್ಟೆ ಇಟ್ಟು, ಉಪ್ಪಿಟ್ಟು ತಿರುವುತ್ತಾ ಇದ್ದಳು.

"ಟೇಬಲ್ಲಿಗೇನಾಯ್ತು?" ಅಂದ.

"ಯಾರಾದ್ರೂ ನೋಡೋಕೆ ಬರ್ತಾರೇನೋ ಅಂತ ಹಂಗೇ ಬಿಟ್ಟಿದೀನಿ."

ಅವನು ಇಣುಕಿ ನೋಡಿದ. ಊಟದ ಟೇಬಲ್ ಮೇಲೆ ಕಾರ್ಡು, ಲೋಟ, ಉಪ್ಪಿನಕಾಯಿ ಜಾಡಿ, ಯಾವುದೂ ಅಲುಗಿರಲಿಲ್ಲ. ನೆಂಟರು ಬಂದಾಗ ಮಾತ್ರ ಇಳಿಸೋ ಗಾಜಿನ ಬೋಗುಣಿಯನ್ನ ಮಧ್ಯದಲ್ಲಿ ಬೋರಲು ಹಾಕಿದ್ದಳು. ಅದರೊಳಗೆ ಎರಡು ದಾಳ, ಬಿದ್ದ ಹಾಗೇ.

ಅನಂತರಾಮು ಕೈಕಾಲು ತೊಳೆದು ಬಂದು ಮಣೆ ಮೇಲೆ ಕೂತ. ಅವಳು ಬಡಿಸಿದಳು.