ಹತ್ತಿ ಹೊಲದ ಮಾಟಗಾತಿ

"ತಲೆ ತಗ್ಗಿಸ್ರೇ ರಂಡೇರಾ! ವಿಮಾನ ಏನ್ ನಿಮ್ ಗಂಡನಾ ಹಂಗ್ ನೋಡಾಕೆ? ಕೈ ನಡೀಲಿ, ಕೈ!"

ಮೇಸ್ತ್ರಿ ಎಫ್ರಾಯಿನ್ ಬದುವಿನ ಮೇಲೆ ನಿಂತು ಒದರುತ್ತಿದ್ದ. ವಿಮಾನ ನಮ್ಮ ನೆತ್ತಿ ಸವರಿಕೊಂಡೇ ಹೋಯಿತು. ಅದರ ಹಿಂದೆಯೇ ಔಷಧಿಯ ತುಂತುರು ಬಿತ್ತು. ಹತ್ತಿಯ ಮೇಲೆ, ನಮ್ಮ ಮೇಲೆ, ನಮ್ಮ ಬೆನ್ನಿಗೆ ಕಟ್ಟಿದ ಕೂಸುಗಳ ಮೇಲೆ. ಮೇಸ್ತ್ರಿ ಕರವಸ್ತ್ರ ತೆಗೆದು ಮೂಗಿಗೆ ಕಟ್ಟಿಕೊಂಡ. ನಾವು ಕಣ್ಣು ಒರೆಸಿಕೊಂಡು ಮತ್ತೆ ಬಿಡಿಸತೊಡಗಿದೆವು.

ಗ್ವಾಟೆಮಾಲಾದ ಬೆಟ್ಟದೂರುಗಳಿಂದ ಪ್ರತಿವರ್ಷ ಲಾರಿಯಲ್ಲಿ ತುಂಬಿಸಿಕೊಂಡು ನಮ್ಮನ್ನು ಈ ಕರಾವಳಿಯ ಹತ್ತಿಗೆ ಇಳಿಸುತ್ತಿದ್ದರು. ಮಲಗಲು ಗೋಡೆಯಿಲ್ಲದ ತಗಡಿನ ಚಪ್ಪರ. ಕುಡಿಯಲು ಕಾಲುವೆಯ ನೀರು, ಅದನ್ನು ತುಂಬಿಡಲು ಔಷಧಿ ಖಾಲಿಯಾದ ಪೀಪಾಯಿ. ಎಷ್ಟು ತಿಕ್ಕಿದರೂ ಅದರ ವಾಸನೆ ಹೋಗುತ್ತಿರಲಿಲ್ಲ. ರೊಟ್ಟಿಗೂ ಅದೇ ವಾಸನೆ, ಮೊಲೆಹಾಲಿಗೂ ಅದೇ.

ಮರುದಿನ ಬೆಳಿಗ್ಗೆ ನನ್ನ ಅತ್ತಿಗೆ ಮಿಕಾಯೆಲಾಳ ಕೂಸು ಲೂಕಾಸ್ ಸತ್ತ. ಬಾಯಲ್ಲಿ ನೊರೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣಗಾಗಿತ್ತು. ಆ ಚಪ್ಪರದಲ್ಲಿ ಹಾಗೆ ಸತ್ತ ಮೊದಲ ಕೂಸೇನೂ ಅವನಲ್ಲ. ಪ್ರತಿ ಸಲವೂ ಪೆತ್ರೋನಾ ಅಜ್ಜಿಯೇ ಬಂದು ಕೂಸಿನ ಎದೆಗೆ ಸೊಪ್ಪು ತಿಕ್ಕಿ, ಧೂಪ ಹಾಕಿ, ಬಾಯಲ್ಲಿ ಏನೋ ಮಣಮಣ ಅನ್ನುತ್ತಿದ್ದಳು. ನಮಗೆ ಇದ್ದ ಡಾಕ್ಟರು ಅವಳೊಬ್ಬಳೇ. ಗಂಡ, ಮಕ್ಕಳು ಯಾರೂ ಇಲ್ಲದ ಮುದುಕಿ.

ಅವತ್ತು ನಮ್ಮಣ್ಣ ಗಾಸ್ಪಾರ್ ಹತ್ತಿಯ ಚೀಲವನ್ನು ಮೇಸ್ತ್ರಿಯ ಮುಂದೆ ನೆಲಕ್ಕೆ ಎಸೆದ. "ವಿಮಾನ ಹಾರೋ ಹೊತ್ನಾಗೆ ನಾವು ಹೊಲಕ್ಕೆ ಇಳಿಯಾಕಿಲ್ಲ. ಹೋಗಿ ಹೇಳು ನಿನ್ ಧಣಿಗೆ." ಉಳಿದ ಗಂಡಸರೂ ಚೀಲ ಬಿಟ್ಟರು.

ಮಧ್ಯಾಹ್ನಕ್ಕೆ ಎಸ್ಟೇಟಿನ ಮ್ಯಾನೇಜರು ಅನ್ಸೆಲ್ಮೊ ಜೀಪಿನಲ್ಲಿ ಬಂದ. ಅವನನ್ನು ನಾವು ಧಣಿ ಅನ್ನುವ ಹಾಗೆ ದೊನ್ ಅಂತಲೇ ಕರೆಯಬೇಕು. ಕೂಗಾಡಲಿಲ್ಲ. ಕೂಸಿನ ಹೆಣದ ಮುಂದೆ ಹ್ಯಾಟು ತೆಗೆದ. ಆಮೇಲೆ ಗಾಸ್ಪಾರನ ಹೆಗಲ ಮೇಲೆ ಕೈಯಿಟ್ಟ.

"ನೋಡಪ್ಪಾ, ಔಷಧಿ ಹುಳಕ್ಕೆ ಹೊಡಿಯೋದು, ಮನುಷ್ಯರಿಗಲ್ಲ. ನಾನು ರಾಜಧಾನೀಲಿ ಓದಿದೋನು, ಮಾಟ ಮಂತ್ರ ಎಲ್ಲ ನಂಬೋದಿಲ್ಲ. ಆದ್ರೆ ನಿಮ್ ಜನ ನಿಮಗೆ ಗೊತ್ತು. ಕೂಸು ಸಾಯೋವಾಗೆಲ್ಲ ಅದರ ಮೈಮೇಲೆ ಯಾರ ಕೈ ಇತ್ತು? ನೀವೇ ಯೋಚನೆ ಮಾಡಿ."

 ಎಲ್ಲರ ಕಣ್ಣೂ ಒಂದೇ ಕಡೆ ಹೊರಳಿತು. ನನ್ನದೂ.

ನಾನು ಮಾಟ ನಂಬುವವಳು. ಈಗಲೂ ನಂಬುತ್ತೇನೆ. ನಮ್ಮೂರಲ್ಲಿ ಬೆಕ್ಕಾಗಿ ತಿರುಗುವವರನ್ನು ಕಂಡವರಿದ್ದಾರೆ. ಅದೂ ಅಲ್ಲದೆ ದಣಿದ ತಲೆಗೆ ಮುದುಕಿಯನ್ನು ದ್ವೇಷಿಸುವುದು ಸುಲಭ. ವಿಮಾನಕ್ಕೆ ಕೈ ಎಟುಕುವುದಿಲ್ಲ, ಮುದುಕಿಯ ಜಡೆಗೆ ಎಟುಕುತ್ತದೆ.

ಗಾಸ್ಪಾರ್ ಅದೇ ಜಡೆ ಹಿಡಿದು ಅವಳನ್ನು ಬಿಸಿಲಿಗೆ ಎಳೆದು ತಂದ. "ಬೊಗಳೇ ಮುದಿ ಮುಂಡೆ! ನನ್ ಮಗ ನಿಂಗೇನ್ ಮಾಡಿದ್ದ?"

ಮೇಸ್ತ್ರಿ ತನ್ನ ಬೆತ್ತ ಕೊಟ್ಟ. ಬೆನ್ನ ಮೇಲೆ ಎರಡೇಟು ಬಿದ್ದವು. ಅಜ್ಜಿ ಮಂಡಿಯೂರಿದಳು. ಅಳಲಿಲ್ಲ. ಅಳಲು ಬೇಕಾದಷ್ಟು ತ್ರಾಣವೂ ಅವಳಲ್ಲಿ ಇರಲಿಲ್ಲ.

"ಹೊಡಿ ಮಗಾ, ಬೇಗ ಮುಗ್ಸು," ಅಂದಳು. "ನಂಗೂ ಸಾಕಾಗೈತೆ."

"ಹೆತ್ತವಳು ಹೊಡೀಲಿ," ಅಂದ ಮೇಸ್ತ್ರಿ. "ಆಗ್ಲೇ ಮಾಟ ಕಳಿಯೋದು."

ಅತ್ತಿಗೆ ಎದ್ದು ಬಂದಳು. ಮುಖದಲ್ಲಿ ಏನೂ ಇರಲಿಲ್ಲ. ಬೆತ್ತದ ಕಡೆ ನೋಡದೆ ನೇರ ಪೀಪಾಯಿಗೆ ಹೋಗಿ, ಸೋರೆ ಬುರುಡೆಯಲ್ಲಿ ನೀರು ಮೊಗೆದಳು. ತುಳುಕದಂತೆ ಎರಡೂ ಕೈಯಲ್ಲಿ ಹಿಡಿದು ತಂದು ಮ್ಯಾನೇಜರಿನ ಮುಂದೆ ಚಾಚಿದಳು.

"ಕುಡೀರಿ ದೊನ್."

"ಏನಿದು?"

"ನನ್ ಕೂಸಿಗೆ ಕುಡಿಸಿದ ನೀರು. ಇದ್ರಾಗೆ ಮುದುಕಿ ಮಾಟ ಹಾಕವ್ಳೆ ಅಂದ್ರೆ ನಮಗೆ ಹೆದರಿಕೆ. ನೀವು ನಂಬೋರಲ್ವಲ್ಲ. ಔಷಧಿನೂ ಮನುಷ್ಯರಿಗೆ ಏನೂ ಮಾಡಾಕಿಲ್ಲ ಅಂದ್ರಿ. ಇನ್ನೇನ್ ಹೆದರಿಕೆ? ಕುಡೀರಿ."

ದೊನ್ ಅನ್ಸೆಲ್ಮೊ ನಕ್ಕ. ಜೊತೆಗೆ ಯಾರೂ ನಗಲಿಲ್ಲ.

"ನಂಗೆ ಬಾಯಾರಿಕೆ ಇಲ್ಲ."

"ಒಂದೇ ಗುಟುಕು ದೊನ್. ನೀವು ಕುಡಿದ್ರೆ ಈ ಮುದುಕಿನ ನಾನೇ ಕೊಲ್ತೀನಿ. ನನ್ ಕೂಸಿನ ಆಣೆ."

ಬುರುಡೆ ಅವನ ಗಡ್ಡಕ್ಕೆ ತಾಗಿತು. ವಾಸನೆ ಮೂಗಿಗೆ ಬಡಿದಿರಬೇಕು, ಮುಖ ಕಿವಿಚಿ ಹಿಂದಕ್ಕೆ ಸರಿದ. ಅದನ್ನು ನಾವೆಲ್ಲ ನೋಡಿದೆವು. ಅವನು ಕೈ ಬೀಸಿ ಬುರುಡೆಯನ್ನು ಹೊಡೆದ. ನೀರು ಅವನ ಬೂಟಿನ ಮೇಲೆ ಚೆಲ್ಲಿತು.

"ಕೊಳಕು ಸೂಳೆ! ನಾಳೆ ಹೊತ್ತಿಗೆ ಒಬ್ಬರನ್ನೂ ಇಲ್ಲಿ ಇರಗೊಡಲ್ಲ!" ಬೂಟನ್ನು ಹುಲ್ಲಿಗೆ ತಿಕ್ಕಿ ಜೀಪು ಹತ್ತಿದ. ಮೇಸ್ತ್ರಿ ಹಿಂದೆ ಓಡಿದ, ಜೀಪು ನಿಲ್ಲಲಿಲ್ಲ.

ಗಾಸ್ಪಾರನ ಕೈಯಲ್ಲಿ ಬೆತ್ತ ಹಾಗೇ ಇತ್ತು. ಅದನ್ನು ಎಲ್ಲಿ ಇಡಬೇಕೆಂದು ಅವನಿಗೆ ತಿಳಿಯಲಿಲ್ಲ. ಮೆಲ್ಲಗೆ ಕೇಳಿದ, "ಹಂಗಾರೆ ಇವ್ಳು ಮಾಟಗಾತಿ ಅಲ್ವಾ?"

ಅತ್ತಿಗೆ ಅಜ್ಜಿಯ ಕಂಕುಳಿಗೆ ಕೈಕೊಟ್ಟು ಎಬ್ಬಿಸುತ್ತಿದ್ದಳು.

"ಇದ್ರೂ ಇರಬೋದು," ಅಂದಳು. "ಇರ್ಲಿ ಬಿಡು. ನಮ್ ಕಡಿಗೂ ಒಬ್ಬಳು ಬೇಕಲ್ಲ."

ಅಜ್ಜಿಯನ್ನು ನೆರಳಿಗೆ ತಂದು ಕೂರಿಸಿದೆವು. ಅವಳ ಬೆನ್ನಿನ ಬಾಸುಂಡೆಗೆ ನಾನು ಅವಳದೇ ಸೊಪ್ಪು ಜಜ್ಜಿ ಹಚ್ಚಿದೆ. ಗಾಸ್ಪಾರ್ ದೂರದಲ್ಲಿ ಮುಖ ತಿರುಗಿಸಿಕೊಂಡು ಮಗನಿಗೆ ಗುಂಡಿ ತೋಡತೊಡಗಿದ. ಮತ್ತೆ ಕೆಲಸಕ್ಕೆ ಕರೆಯುವ ಸೀಟಿ ಕೂಗಿತು. ಯಾರೂ ಚೀಲ ಎತ್ತಿಕೊಳ್ಳಲಿಲ್ಲ. ಧೈರ್ಯದಿಂದಲೋ ಸುಸ್ತಿನಿಂದಲೋ, ನನ್ನ ಮಟ್ಟಿಗೆ ನಾನು ಹೇಳಲಾರೆ.

ಸಂಜೆಯ ಹೊತ್ತಿಗೆ ದೊಡ್ಡ ರಸ್ತೆಯ ಕಡೆ ಕೆಂಧೂಳು ಎದ್ದಿತು. ನಮ್ಮನ್ನು ಊರಿಗೆ ಒಯ್ಯುವ ಲಾರಿಯೋ, ಕೆಲಸ ಬಿಟ್ಟವರನ್ನು ಬಡಿಯಲು ಧಣಿಗಳು ಕರೆಸುವ ಮಿಲಿಟರಿಯದೋ, ಗೊತ್ತಾಗುವಂತಿರಲಿಲ್ಲ. ಅತ್ತಿಗೆ ಒಮ್ಮೆ ಆ ಕಡೆ ನೋಡಿದಳು. ಆಮೇಲೆ ಪೀಪಾಯಿಗೆ ಕಾಲುಕೊಟ್ಟು ಉರುಳಿಸಿದಳು. ನೀರು ಹರಿದು ಬಂದು ನಮ್ಮ ಕಾಲ ಕೆಳಗೆಲ್ಲ ಹರಡಿತು. ನಾವು ಕೂತಲ್ಲಿಂದ ಏಳಲಿಲ್ಲ.